ಸಮಾರ್ಯದವರ ಶಾಲೆಯನ್ನು ತೆರೆದ ಎಸ್ಮಾರ್ಕ್ ಪಂಡಿತನ ಚರಿತ್ರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಸೀಮೆಗಳ ಜನರಲ್ಲಿ ಹೆಚ್ಚಿನವರು ಒಕ್ಕಲುತನದಿಂದಲೂ ಮಗ್ಗದಿಂದಲೂ ಹೊಟ್ಟೆ ಹೊರೆಯುವವರಾಗಿದ್ದಾರೆ. ಕೃಷ್ಣೆಯ ಮತ್ತು ಘಟಪ್ರಭೆಯ ನೀರು ಹಾಯುವ ಹೊಲಗಳಲ್ಲಿ ಕಬ್ಬು ಆಳೆತ್ತರಕ್ಕಿಂತಲೂ ಮೇಲೆ ಬೆಳೆಯುತ್ತದೆ. ಅದನ್ನು ಕಡಿಯುವ ಕಾಲ ಬಂತೆಂದರೆ ಒಬ್ಬನ ಕಾಲಿಗೆ ಕುಡುಗೋಲು ತಗಲುವದು, ಇನ್ನೊಬ್ಬನಿಗೆ ರವದಿಯೊಳಗಿಂದ ಹಾವು ಕಚ್ಚುವದು, ಮತ್ತೊಬ್ಬನು ಹೇರಿದ ಟ್ರೇಲರಿನ ಕೆಳಗೆ ಸಿಕ್ಕುವದು, ಗಾಣದ ಮನೆಯಲ್ಲಿ ಕುದಿಯುವ ಕೊಪ್ಪರಿಗೆಯಿಂದ ಕಬ್ಬಿನ ಹಾಲು ಮೈಮೇಲೆ ಸಿಡಿಯುವದು, ಇಂಥವುಗಳನ್ನು ಕೇಳದ ವರುಷವಿಲ್ಲ. ಹೀಗಾದಾಗ ಗಳಿಗೆಯೊಳಗೆ ಐವತ್ತು ಮಂದಿ ಕೂಡುತ್ತಾರೆ. ಒಬ್ಬನು ಬಾಯಿಗೆ ನೀರು ಹೊಯ್ಯುತ್ತಾನೆ. ಒಬ್ಬನು ಹಗ್ಗದಿಂದ ಬಿಗಿಯುತ್ತಾನೆ. ಒಬ್ಬನು ಗಾಯದ ಮೇಲೆ ಅರಿಷಿಣದ ಪುಡಿ ಉದುರಿಸುತ್ತಾನೆ. ಮಿಕ್ಕವರು ಗಾಳಿಗೆ ಅಡ್ಡವಾಗಿ ನಿಂತು ಅಯ್ಯೋ ಅನ್ನುತ್ತಾರೆ. ಸಹಾಯಮಾಡುವ ಮನಸ್ಸಿಲ್ಲದವನು ಅವರಲ್ಲಿ ಒಬ್ಬನೂ ಇಲ್ಲ. ಮಾಡತಕ್ಕದ್ದೇನೆಂದು ತಿಳಿದವನು ಸಹ ಒಬ್ಬನೂ ಇಲ್ಲ. ವೈದ್ಯನ ಕೈಗೆ ಸೇರುವ ಮುಂಚಿನ ಆ ಅರ್ಧ ತಾಸಿನಲ್ಲಿಯೇ ಎಷ್ಟೋ ಜೀವಗಳು ಹೋಗಿಬಿಡುತ್ತವೆ.

ಗಾಯಪಟ್ಟವನ ಸುತ್ತಲೂ ನಿಂತ ಈ ಗುಂಪಿನ ಮೇಲೆ ದೃಷ್ಟಿಯಿಟ್ಟು, ಇವರಿಗೆ ಕಲಿಸಿದರೆ ಜೀವಗಳು ಉಳಿಯುವವೆಂದು ನಂಬಿ, ಅದಕ್ಕಾಗಿ ಶಾಲೆಯನ್ನೇ ತೆರೆದ ಒಬ್ಬ ಶಸ್ತ್ರವೈದ್ಯನ ಚರಿತ್ರೆಯನ್ನು ಈ ಸಾರಿ ಪ್ರಿಯ ಓದುಗರ ಮುಂದೆ ಇಡುತ್ತೇವೆ. ಆತನ ಹೆಸರು ಫ್ರೀಡ್ರಿಕ್ ಎಸ್ಮಾರ್ಕ್. ಆತನು ಜರ್ಮನಿಯವನು. ನಮ್ಮ ಸೀಮೆಯನ್ನು ಕಣ್ಣಿನಿಂದ ಕಂಡವನಲ್ಲ; ಆದರೂ ಆತನು ಕಲಿಸಿದ್ದನ್ನು ಹೇಳುವಲ್ಲಿ ನಾವು ಆಗಾಗ್ಗೆ ನಮ್ಮ ಹೊಲಗಳ ಮತ್ತು ಮಗ್ಗಗಳ ಕಡೆಗೆ ತಿರುಗಬೇಕಾಗುವದು.

ಎಸ್ಮಾರ್ಕನು 1823ನೆಯ ಇಸವಿ ಜನವರಿ 9ರಲ್ಲಿ ಟೋನಿಂಗ್ ಎಂಬ ಊರಲ್ಲಿ ಹುಟ್ಟಿದನು. ಇದು ಐದರ್ ನದಿಯು ಉತ್ತರ ಸಮುದ್ರವನ್ನು ಸೇರುವ ಸ್ಥಳಕ್ಕೆ ಹತ್ತಿರವಾಗಿರುವ ಒಂದು ಚಿಕ್ಕ ರೇವು. ಆಗ ಆ ಶ್ಲೆಸ್ವಿಗ್ ಸೀಮೆಯು ಡೇನರ ಅರಸನ ಕೈಕೆಳಗಿತ್ತು. ಅಲ್ಲಿಯ ಜರ್ಮನ್ ಮಾತಾಡುವ ಜನರಿಗೆ ಇದು ಒಗ್ಗಲಿಲ್ಲ. ತಂದೆಯು ವೈದ್ಯನಾಗಿದ್ದನು. ಮಗನು ಕೀಲ್ ಮತ್ತು ಗೋಟಿಂಗೆನ್ ಪಟ್ಟಣಗಳ ವಿದ್ಯಾಲಯಗಳಲ್ಲಿ ವೈದ್ಯವನ್ನು ಕಲಿತು, 1846ರಲ್ಲಿ ಕೀಲ್ ಪಟ್ಟಣದಲ್ಲಿ ಲಾಂಗೆನ್‌ಬೆಕ್ ಎಂಬ ಹೆಸರಾದ ಶಸ್ತ್ರವೈದ್ಯನ ಸಹಾಯಕನಾದನು.

ಎರಡು ವರುಷ ಕಳೆಯುವದರೊಳಗೆ ಯುದ್ಧ ಹುಟ್ಟಿತು. 1848ರಲ್ಲಿ ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಸೀಮೆಗಳವರು ಡೇನರಿಗೆ ವಿರೋಧವಾಗಿ ಎದ್ದಾಗ ಇಪ್ಪತ್ತೈದು ವರುಷದ ಎಸ್ಮಾರ್ಕನು ದಂಡಿನೊಂದಿಗೆ ಹೋದನು. ಬೋವ್ ಎಂಬಲ್ಲಿ ನಡೆದ ಕಾಳಗದಲ್ಲಿ ಸೆರೆಸಿಕ್ಕಿ, ಕೆಲವು ಕಾಲದ ಮೇಲೆ ಬಿಡುಗಡೆಯಾಗಿ ಬಂದು, ಸ್ಟ್ರೋಮೈಯರ್ ಎಂಬ ದಂಡಿನ ಮುಖ್ಯ ವೈದ್ಯನ ಕೈಕೆಳಗೆ ಕೆಲಸಕ್ಕೆ ನಿಂತನು. ಆ ಕಾಲದಲ್ಲಿ ಕೈಕಾಲಿನ ಎಲುಬು ಗುಂಡಿನಿಂದ ಒಡೆದರೆ ಅವಯವವನ್ನೇ ಕೊಯ್ದುಹಾಕುವದು ರೂಢಿಯಾಗಿತ್ತು. ಸ್ಟ್ರೋಮೈಯರನೂ ಎಸ್ಮಾರ್ಕನೂ ಪುಡಿಯಾದ ಎಲುಬನ್ನು ಮಾತ್ರ ತೆಗೆದು ಕೈಯನ್ನು ಉಳಿಸುವ ಕ್ರಮವನ್ನು ಹಿಡಿದರು. ಎಸ್ಮಾರ್ಕನು ಇದನ್ನು ಕುರಿತು 1851ರಲ್ಲಿ ಒಂದು ಪುಸ್ತಕವನ್ನು ಬರೆದನು. 1854ರಲ್ಲಿ ಆತನು ಸ್ಟ್ರೋಮೈಯರನ ಮಗಳಾದ ಆನ್ನಾ ಎಂಬವಳನ್ನು ಮದುವೆಯಾಗಿ, ಅದೇ ವರುಷ ಕೀಲ್ ಪಟ್ಟಣದ ಶಸ್ತ್ರವೈದ್ಯಶಾಲೆಗೆ ಮುಖ್ಯಸ್ಥನಾದನು. ಮುಂದೆ ನಾಲ್ವತ್ತಕ್ಕಿಂತ ಹೆಚ್ಚು ವರುಷ ಅದೇ ಊರಲ್ಲಿ ಕೆಲಸಮಾಡಿದನು.

ಇದರ ನಡುವೆ ಇನ್ನೊಬ್ಬನ ಹೆಸರನ್ನು ಹೇಳಬೇಕು. 1859ರಲ್ಲಿ ಇಟಲಿಯ ಸೊಲ್ಫೆರೀನೋ ಎಂಬಲ್ಲಿ ದೊಡ್ಡ ಕಾಳಗ ನಡೆದಾಗ ಜಿನೀವದ ವ್ಯಾಪಾರಿಯಾದ ಆನ್ರಿ ದ್ಯುನಾನ್ ಎಂಬವನು ಆ ದಾರಿಯಿಂದ ಹೋಗುತ್ತಾ, ಸಾವಿರಾರು ಗಾಯಪಟ್ಟವರು ದಿಕ್ಕಿಲ್ಲದೆ ಬಿದ್ದದ್ದನ್ನು ಕಂಡು, ಆ ಸೀಮೆಯ ಹೆಂಗಸರನ್ನು ಕೂಡಿಸಿ ಎರಡು ಪಕ್ಷದವರಿಗೂ ಉಪಚಾರ ಮಾಡಿಸಿದನು. ಅದರಿಂದ ರೆಡ್ ಕ್ರಾಸ್ ಸಂಘವು ಹುಟ್ಟಿ, 1864ರಲ್ಲಿ ಜಿನೀವದ ಒಡಂಬಡಿಕೆಯಾಯಿತು. ಆದರೆ ದ್ಯುನಾನನ ದೃಷ್ಟಿ ಯುದ್ಧದ ಮೇಲಿತ್ತು. ಶಾಂತಿಯ ಕಾಲದಲ್ಲಿ ಬೀದಿಯಲ್ಲಿ, ಕಾರಖಾನೆಯಲ್ಲಿ, ಹೊಳೆಯ ದಂಡೆಯಲ್ಲಿ ಬೀಳುವವನನ್ನು ಯಾರು ಎತ್ತಬೇಕೆಂಬ ಪ್ರಶ್ನೆಯು ಎಸ್ಮಾರ್ಕನ ಪಾಲಿಗೆ ಉಳಿದಿತ್ತು. ಆತನು ಸಹ 1864, 1866, 1870 ಈ ಮೂರು ಯುದ್ಧಗಳಲ್ಲಿ ದಂಡಿನ ಆಸ್ಪತ್ರೆಗಳಲ್ಲಿ ದುಡಿದ ಮೇಲೆಯೇ ಆ ಪ್ರಶ್ನೆಗೆ ಕೈಹಾಕಿದನು.

ಯುದ್ಧಗಳಿಂದ ಆತನು ಕಲಿತ ಮೊದಲನೆಯ ಸಂಗತಿ ಏನಂದರೆ, ಗಾಯಕ್ಕೆ ಮೊದಲು ಕಟ್ಟಿದ ಕಟ್ಟು ಹೇಗಿದೆಯೋ ಮುಂದಿನದೆಲ್ಲಾ ಹೆಚ್ಚುಕಡಿಮೆ ಹಾಗೆಯೇ ಆಗುವದು. 1869ರಲ್ಲಿ ಇದನ್ನೇ ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದು, ಪ್ರತಿಯೊಬ್ಬ ಸಿಪಾಯಿಯೂ ತನ್ನ ಅಂಗಿಯಲ್ಲಿ ಒಂದು ಶುದ್ಧವಾದ ಕಟ್ಟನ್ನು ಇಟ್ಟುಕೊಂಡಿರಬೇಕೆಂದು ವಾದಿಸಿದನು. ಆ ಕಟ್ಟು ಮೂರು ಮೂಲೆಯ ಒಂದು ಬಟ್ಟೆ. ಸ್ವಿಜರ್ಲೆಂಡಿನ ಲೋಸಾನ್ ಪಟ್ಟಣದ ಮಯೋರ್ ಎಂಬ ವೈದ್ಯನು ಅದನ್ನು ಮುಂಚೆಯೇ ಬಳಕೆಗೆ ತಂದಿದ್ದನು. ಎಸ್ಮಾರ್ಕನು ಅದನ್ನು ಲೋಕಕ್ಕೆಲ್ಲಾ ಹರಡಿಸಿದನು. ಆತನ ಜಾಣತನ ಏನಂದರೆ, ತಲೆಗೆ ಹೇಗೆ ಕಟ್ಟುವದು, ಭುಜಕ್ಕೆ ಹೇಗೆ, ಮೊಣಕಾಲಿಗೆ ಹೇಗೆ, ಅಂಗಾಲಿಗೆ ಹೇಗೆ ಎಂಬ ಚಿತ್ರಗಳನ್ನು ಆ ಬಟ್ಟೆಯ ಮೇಲೆಯೇ ಅಚ್ಚುಹಾಕಿಸಿದನು. ಓದುಬಾರದ ಸಿಪಾಯಿಯು ಸಹ ಬಟ್ಟೆಯನ್ನು ಬಿಚ್ಚಿದರೆ ಪಾಠ ಕಣ್ಣಮುಂದೆ ಇರುತ್ತಿತ್ತು. ಪುಸ್ತಕಕ್ಕಿಂತ ಇದು ಮೇಲೆಂದು ನಮ್ಮ ಅಭಿಪ್ರಾಯ.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಬಟ್ಟೆಯನ್ನು ವಿವರಿಸಲು ಹೆಚ್ಚು ಮಾತು ಬೇಡ. ಮಗ್ಗದಿಂದ ಇಳಿಸಿದ ಹತ್ತಿಯ ಬಟ್ಟೆಯಲ್ಲಿ ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಚೌಕವನ್ನು ತೆಗೆದು, ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಕಟ್ಟುಗಳಾದವು. ಒಗೆದು, ಬಿಸಿಲಿಗೆ ಒಣಗಿಸಿ, ಶುದ್ಧವಾದ ಚೀಲದಲ್ಲಿ ಇಟ್ಟುಕೊಂಡರೆ ಸಾಕು. ಕೈಯ ಎಲುಬು ಮುರಿದವನಿಗೆ ಆ ಕೈಯನ್ನು ಎದೆಗೆ ಅಡ್ಡವಾಗಿ ಇರಿಸಿ, ಬಟ್ಟೆಯ ತುದಿಯು ಮೊಣಕೈಯ ಕಡೆಗೆ ಬರುವಂತೆ ಕೆಳಗಿನಿಂದ ತಂದು, ಎರಡು ಕೊನೆಗಳನ್ನು ಕತ್ತಿನ ಪಕ್ಕದಲ್ಲಿ ಗಂಟುಹಾಕಿದರೆ ಜೋಲಿಯಾಗುವದು. ಕಾಲು ಮುರಿದರೆ ಅದು ಇದ್ದ ಸ್ಥಿತಿಯಲ್ಲಿಯೇ ಹಲಗೆಯನ್ನಾಗಲಿ ಬಿದಿರಿನ ಸೀಳನ್ನಾಗಲಿ ಪಕ್ಕಕ್ಕಿಟ್ಟು, ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದ ಹಾಗೆ ಕಟ್ಟಬೇಕು. ಎಳೆದು ನೆಟ್ಟಗೆ ಮಾಡಲಿಕ್ಕೆ ಹೋಗಬಾರದು. ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ ಇಲ್ಲವೆ ನೀಲಿಯಾದರೆ ಕಟ್ಟು ಬಿಗಿಯಾಯಿತೆಂದು ತಿಳಿದು ಸಡಿಲಿಸಬೇಕು. ಟ್ರೇಲರಿನಿಂದ ಬಿದ್ದು ಕತ್ತಿಗೆ ಇಲ್ಲವೆ ಬೆನ್ನಿಗೆ ಪೆಟ್ಟಾದವನನ್ನು ಕೈಕಾಲು ಹಿಡಿದು ಜೋತಾಡಿಸುತ್ತಾ ಎತ್ತುವದು ನಮ್ಮಲ್ಲಿ ಬಹಳವಾಗಿ ಕಾಣುವ ತಪ್ಪು. ಪ್ರಾಣಕ್ಕೆ ಬೇರೆ ಅಪಾಯವಿಲ್ಲದಿದ್ದರೆ ಅವನನ್ನು ಅಲ್ಲಿಯೇ ಮಲಗಗೊಟ್ಟು, ತಲೆ ಆಚೆ ಈಚೆ ತಿರುಗದಂತೆ ಎರಡು ಕೈಗಳಿಂದ ಹಿಡಿದುಕೊಂಡು, ವಾಹನಕ್ಕಾಗಿ ಕಾಯಬೇಕು.

1873ರಲ್ಲಿ ಎಸ್ಮಾರ್ಕನು ಲೋಕಪ್ರಸಿದ್ಧನಾದನು. ಅವಯವವನ್ನು ಕೊಯ್ಯುವ ಮುಂಚೆ ರಬ್ಬರಿನ ಪಟ್ಟಿಯನ್ನು ಬೆರಳುಗಳಿಂದ ಮೇಲಕ್ಕೆ ಬಿಗಿಯಾಗಿ ಸುತ್ತುತ್ತಾ ಹೋಗಿ, ರಕ್ತವನ್ನೆಲ್ಲಾ ಮೈಯೊಳಕ್ಕೆ ಹಿಂಡಿ, ಮೇಲೆ ರಬ್ಬರಿನ ಕೊಳವೆಯಿಂದ ಬಿಗಿದುಬಿಟ್ಟರೆ, ಕೆಳಗೆ ಕೊಯ್ಯುವಾಗ ರಕ್ತವು ಹರಿಯುವದಿಲ್ಲವೆಂದು ಆತನು ತೋರಿಸಿದನು. ಮುಂಚೆ ರೋಗಿಗಳು ಶಸ್ತ್ರದ ಮೇಜಿನ ಮೇಲೆಯೇ ರಕ್ತ ಸುರಿದು ಸಾಯುತ್ತಿದ್ದರು. ಇಂದಿಗೂ ಶಸ್ತ್ರವೈದ್ಯರು ಈ ಪಟ್ಟಿಯನ್ನು ಎಸ್ಮಾರ್ಕನ ಹೆಸರಿನಿಂದಲೇ ಕರೆಯುತ್ತಾರೆ. ಇದೇ ಯುಕ್ತಿಯನ್ನು ಸಾಮಾನ್ಯ ಜನರ ಕೈಗೂ ಕೊಡಬೇಕೆಂದು, ಷರಾಯಿಯನ್ನು ಹೆಗಲಿನಿಂದ ತೂಗುಹಾಕುವ ಪಟ್ಟಿಗಳನ್ನೇ ರಬ್ಬರಿನಿಂದ ಮಾಡಿಸಿ, ಆಪತ್ತಿನಲ್ಲಿ ಬಿಚ್ಚಿ ಬಿಗಿಯುವಂತೆ ಏರ್ಪಡಿಸಿದ್ದನು. ನಗೆಯ ವಿಷಯವೆಂದು ತೋರಬಹುದು. ಆದರೆ ಮನುಷ್ಯನು ಯಾವಾಗಲೂ ಮೈಮೇಲೆ ಹೊತ್ತಿರುವ ವಸ್ತುವಿನಿಂದಲೇ ಸಹಾಯವಾಗಬೇಕೆಂಬದು ಆತನ ಯೋಚನೆಯಾಗಿತ್ತು.

ಇಲ್ಲಿ ನಮ್ಮ ಓದುಗರು ಎಚ್ಚರಿಕೆಯಿಂದ ಓದಬೇಕು. ಯಾಕಂದರೆ ಬಿಗಿಯುವ ಈ ವಿದ್ಯೆಯು ತಪ್ಪಾದ ಸ್ಥಳದಲ್ಲಿ ಬಹಳ ಕೇಡು ಮಾಡಿದೆ. ಕುಡುಗೋಲು ತಗಲಿ ರಕ್ತ ಹರಿಯುವಾಗ ಮೊದಲು ಮಾಡತಕ್ಕದ್ದು ಬಿಗಿಯುವದಲ್ಲ, ಒತ್ತುವದು. ಶುದ್ಧವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿಹಿಡಿಯಬೇಕು. ನಿಂತಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎತ್ತಿನೋಡಬಾರದು. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಹೆಚ್ಚಿನ ಗಾಯಗಳಿಗೆ ಇಷ್ಟೇ ಸಾಕು. ಕೈ ಇಲ್ಲವೆ ಕಾಲು ನಜ್ಜುಗುಜ್ಜಾಗಿ, ಎಷ್ಟು ಒತ್ತಿದರೂ ರಕ್ತವು ಚಿಮ್ಮುತ್ತಲೇ ಇದ್ದರೆ ಮಾತ್ರ, ಗಾಯದಿಂದ ನಾಲ್ಕು ಬೆರಳಿನಷ್ಟು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆಯನ್ನು ಕಟ್ಟಿ ಕೋಲಿನಿಂದ ತಿರುವಿ ಬಿಗಿಯಬಹುದು. ಸಪುರಾದ ಹಗ್ಗವೂ ತಂತಿಯೂ ಬೇಡ. ಬಿಗಿದ ಹೊತ್ತನ್ನು ಬರೆದಿಟ್ಟು ವೈದ್ಯನಿಗೆ ಹೇಳಬೇಕು. ನಡುವೆ ತಾನೇ ಸಡಿಲಿಸಬಾರದು.

ಹಾವು ಕಚ್ಚಿದಾಗ ಹಗ್ಗ ಬಿಗಿಯುವದಂತೂ ಬೇಡವೇ ಬೇಡ. ಎಸ್ಮಾರ್ಕನ ಕಾಲದಲ್ಲಿ ಎಲ್ಲಾ ದೇಶಗಳ ವೈದ್ಯರೂ ಬಿಗಿಯಬೇಕು, ಕೊಯ್ಯಬೇಕು, ವಿಷವನ್ನು ಹೀರಬೇಕು ಎಂದು ಕಲಿಸುತ್ತಿದ್ದರು. ವಿಷಕ್ಕೆ ಮದ್ದಾದ ಚುಚ್ಚುಮದ್ದು 1895ರ ಸುಮಾರಿಗೆ ಆತನ ಮುಪ್ಪಿನಲ್ಲಿ ಹುಟ್ಟಿತು. ಬಿಗಿಯುವದರ ಕೇಡು ಪೂರ್ಣವಾಗಿ ತಿಳಿದದ್ದು ಇನ್ನೂ ತಡವಾಗಿ. ಬಿಗಿದರೆ ಅವಯವಕ್ಕೆ ರಕ್ತ ಸಿಕ್ಕದೆ ಅದು ಸತ್ತುಹೋಗಬಹುದು. ಬಿಚ್ಚಿದ ಕ್ಷಣದಲ್ಲಿ ವಿಷವು ಒಮ್ಮೆಗೇ ನುಗ್ಗಬಹುದು. ಕಚ್ಚಿಸಿಕೊಂಡವನನ್ನು ಧೈರ್ಯಪಡಿಸಿ ಮಲಗಿಸಬೇಕು. ಉಂಗುರ, ಬಳೆ, ಕಾಲ್ಗಡಗ ಮುಂತಾದವುಗಳನ್ನು ಬಾವು ಏರುವ ಮುಂಚೆ ತೆಗೆಯಬೇಕು. ಎಲುಬು ಮುರಿದವನ ಹಾಗೆ ಆ ಅವಯವಕ್ಕೆ ಹಲಗೆಯನ್ನು ಸಡಿಲವಾಗಿ ಕಟ್ಟಿ ಅಲುಗದಂತೆ ಇಡಬೇಕು. ನಡೆಯಿಸದೆ ಹೊತ್ತುಕೊಂಡು ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಹುಡುಕಿ ಕೊಲ್ಲುವದರಲ್ಲಿ ಹೊತ್ತು ಕಳೆಯುವದು ವ್ಯರ್ಥ. ಅದೇ ಒಂದು ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಉಂಟು. ಕಟ್ಟುಹಾವು ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಬಾವೂ ಕಾಣುವದಿಲ್ಲ. ಬೆಳಿಗ್ಗೆ ರೆಪ್ಪೆಗಳು ಜೋತುಬಿದ್ದು ಹೊಟ್ಟೆನೋವು ಬಂದವನನ್ನು ಅಜೀರ್ಣವೆಂದು ಮನೆಯಲ್ಲಿ ಇಟ್ಟುಕೊಂಡು ಕಳೆದುಕೊಂಡವರು ಉಂಟು. ಯಾರಾದರೂ ಮುಂಚೆಯೇ ಹಗ್ಗ ಬಿಗಿದಿದ್ದರೆ ಅದನ್ನು ದಾರಿಯಲ್ಲಿ ಥಟ್ಟನೆ ಬಿಚ್ಚದೆ, ಆಸ್ಪತ್ರೆಯಲ್ಲಿ ವೈದ್ಯನ ಮುಂದೆ ಬಿಚ್ಚಿಸಬೇಕು.

ಆನ್ನಾ 1870ರಲ್ಲಿ ತೀರಿಹೋದಳು. 1872ರಲ್ಲಿ ಎಸ್ಮಾರ್ಕನು ಶ್ಲೆಸ್ವಿಗ್-ಹೋಲ್‌ಸ್ಟೈನಿನ ರಾಜಕುಮಾರಿಯಾದ ಹೆನ್ರಿಯೆಟ್ಟಾ ಎಂಬವಳನ್ನು ಮದುವೆಯಾದನು. ಇವಳ ಅಣ್ಣನಿಗೆ ವಿಕ್ಟೋರಿಯಾ ರಾಣಿಯ ಮಗಳಾದ ಹೆಲೆನಾಳನ್ನು ಕೊಟ್ಟಿತ್ತು. ಈ ನಂಟಸ್ತಿಕೆಯಿಂದ ಮುಂದೆ ಆದ ಪ್ರಯೋಜನವನ್ನು ಹೇಳುವೆವು.

1881ರ ಆಗಸ್ಟ್ ತಿಂಗಳಲ್ಲಿ ಲಂಡನ್ ಪಟ್ಟಣದಲ್ಲಿ ಲೋಕದ ವೈದ್ಯರ ದೊಡ್ಡ ಕೂಟವಾಯಿತು. ಎಸ್ಮಾರ್ಕನೂ ಹೋದನು. ಅಲ್ಲಿ ಆತನು ಪೊಲೀಸರೂ ರೈಲು ಕೆಲಸದವರೂ ಕಾರಖಾನೆಯವರೂ ಸಂಜೆಯ ಹೊತ್ತು ಕೂತು ಗಾಯಪಟ್ಟವರ ಉಪಚಾರವನ್ನು ಕಲಿಯುವದನ್ನು ಕಂಡನು. ಸೇಂಟ್ ಜಾನ್ ಆಂಬುಲೆನ್ಸ್ ಸಂಘವು 1877ರಲ್ಲಿ ಹುಟ್ಟಿತ್ತು. ಅದರ ಮೊದಲನೆಯ ತರಗತಿಗಳನ್ನು 1878ರಲ್ಲಿ ವೂಲಿಚ್ ಎಂಬಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಶಾಲೆಯಲ್ಲಿ ಪೀಟರ್ ಶೆಪರ್ಡ್ ಎಂಬ ದಂಡಿನ ವೈದ್ಯನು ನಡಿಸಿದನು. ಈ ಶೆಪರ್ಡನು ಪಾಠಗಳನ್ನು ಪುಸ್ತಕವಾಗಿ ಬರೆದನಾದರೂ ಅಚ್ಚಾದದ್ದನ್ನು ನೋಡಲಿಲ್ಲ. ಆಫ್ರಿಕಕ್ಕೆ ದಂಡಿನೊಂದಿಗೆ ಹೋಗಿ, 1879ನೆಯ ಜನವರಿ 22ರಲ್ಲಿ ಇಸಾಂಡ್ಲ್ವಾನಾ ಎಂಬಲ್ಲಿ ಜುಲು ಜನರೊಂದಿಗೆ ನಡೆದ ಕಾಳಗದಲ್ಲಿ ಹತನಾದನು. ಆತನು ಹಚ್ಚಿದ ದೀಪವನ್ನು ಎಸ್ಮಾರ್ಕನು ಲಂಡನಿನಲ್ಲಿ ಕಂಡು ಜರ್ಮನಿಗೆ ತೆಗೆದುಕೊಂಡು ಹೋದನು.

ಕೀಲಿಗೆ ಹಿಂತಿರುಗಿದ ಮೇಲೆ ಎಸ್ಮಾರ್ಕನು ತಡಮಾಡಲಿಲ್ಲ. ಊರಿನ ಸಾಮಾನ್ಯ ಜನರನ್ನು ಕರೆದು ತಾನೇ ಪಾಠ ಹೇಳತೊಡಗಿದನು. 1882ರಲ್ಲಿ ಸಂಘವನ್ನು ಸ್ಥಾಪಿಸಿದನು. ಅದಕ್ಕೆ ಯಾವ ಹೆಸರನ್ನು ಇಟ್ಟನೆಂಬದು ನಮಗೆ ಮುಖ್ಯವಾದದ್ದು. ರಾಜಮನೆತನದ ಹೆಸರನ್ನಾಗಲಿ ದಂಡಿನ ಹೆಸರನ್ನಾಗಲಿ ಇಡದೆ, ಸಮಾರ್ಯದವರ ಸಂಘವೆಂದೂ ಸಮಾರ್ಯದವರ ಶಾಲೆಯೆಂದೂ ಹೆಸರಿಟ್ಟನು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಾಮ್ಯವು ನಮ್ಮ ಸಭೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಆಚೇ ಮಗ್ಗುಲಿಂದ ಹೋದರು. ಅನ್ಯನಾದ ಸಮಾರ್ಯದವನು ಇಳಿದುಬಂದು ಗಾಯಗಳನ್ನು ಕಟ್ಟಿದನು. ಎಸ್ಮಾರ್ಕನು ಈ ಸಾಮ್ಯದಲ್ಲಿ ಪ್ರೀತಿಯೊಂದಿಗೆ ಕೈಯ ಕೆಲಸವನ್ನೂ ಕಂಡನೆಂದು ತೋರುತ್ತದೆ. ಆ ಸಮಾರ್ಯದವನಿಗೆ ಕಟ್ಟಲಿಕ್ಕೆ ಬರುತ್ತಿತ್ತು. ಮೊದಲು ಏನು, ಆಮೇಲೆ ಏನು ಎಂಬದು ತಿಳಿದಿತ್ತು. ತನ್ನ ಕೈಲಾದದ್ದನ್ನು ಮಾಡಿ ಛತ್ರದವನಿಗೆ ಒಪ್ಪಿಸಿದನು. ಅವನು ಹೊಯ್ದ ಎಣ್ಣೆ ದ್ರಾಕ್ಷಾರಸಗಳು ಆ ಕಾಲದ ಔಷಧಗಳು. ನಾವು ಇಂದು ಗಾಯಕ್ಕೆ ಎಣ್ಣೆ ಹಾಕದೆ ಶುದ್ಧವಾದ ನೀರಿನಿಂದ ತೊಳೆಯುತ್ತೇವೆ. ಇದರಿಂದ ಸಾಮ್ಯಕ್ಕೆ ಏನೂ ಕುಂದಿಲ್ಲ.

ಸಂಘಕ್ಕೆ ವಿರೋಧವು ವೈದ್ಯರಿಂದಲೇ ಬಂತು. ಅರೆಬರೆ ಕಲಿತವರು ನಾಳೆ ತಾವೇ ವೈದ್ಯರೆಂದು ಹೇಳಿಕೊಂಡು ತಿರುಗುವರು, ನಾಟಿವೈದ್ಯರ ಸಂಖ್ಯೆ ಹೆಚ್ಚುವದು ಎಂದು ಅನೇಕರು ಆಕ್ಷೇಪಿಸಿದರು. ಈ ಭಯವು ಪೂರಾ ಸುಳ್ಳೆಂದು ನಾವು ಹೇಳಲಾರೆವು. ಒಂದು ಸೂಜಿ ಹಿಡಿಯಲು ಕಲಿತವನು ಊರಿಗೆ ಡಾಕ್ಟರನಾಗುವದನ್ನು ನಮ್ಮ ಹಳ್ಳಿಗಳೂ ಕಂಡಿವೆ. ಎಸ್ಮಾರ್ಕನು ಇದಕ್ಕೆ ಉತ್ತರವನ್ನು ಪಾಠದೊಳಗೇ ಇಟ್ಟನು. ವೈದ್ಯನು ಬರುವ ತನಕ ಮಾತ್ರ ಸಮಾರ್ಯದವನ ಕೆಲಸ. ಬಂದ ಕೂಡಲೆ ಅವನು ಕೈಬಿಡಬೇಕು. ಔಷಧ ಕೊಡುವದೂ ಕೊಯ್ಯುವದೂ ಅವನದಲ್ಲ. ಯಾವದನ್ನು ಮಾಡಬಾರದೆಂಬದನ್ನು ಅಷ್ಟೇ ಬಿಗಿಯಾಗಿ ಕಲಿಸಿದನು. ಕೊಳೆಯಾದ ಬೆರಳಿನಿಂದ ಗಾಯವನ್ನು ಮುಟ್ಟಿದರೆ ಕೀವಾಗುವದೆಂದು ಲಿಸ್ಟರ್ ಪಂಡಿತನು 1867ರಲ್ಲಿ ಪ್ರಕಟಿಸಿದ್ದನು. ಜರ್ಮನಿಯಲ್ಲಿ ಆತನ ಕ್ರಮವನ್ನು ಸ್ವೀಕರಿಸಿದವರಲ್ಲಿ ಎಸ್ಮಾರ್ಕನು ಒಬ್ಬನು.

ಆತನ ಪಾಠಗಳು ಐದು. ಅವು 1882ರಲ್ಲಿ ಆಕಸ್ಮಿಕ ಆಪತ್ತುಗಳಲ್ಲಿ ಪ್ರಥಮ ಸಹಾಯ ಎಂಬರ್ಥದ ಹೆಸರಿನಿಂದ ಅಚ್ಚಾದವು. ನಾವು ಮೇಲೆ ಹೇಳಿದ ಹೆಲೆನಾ ರಾಜಕುಮಾರಿಯು ತಾನೇ ಕೂತು ಇದನ್ನು ಇಂಗ್ಲಿಷಿಗೆ ಭಾಷಾಂತರಿಸಿದಳು. ಬೇರೆ ಅನೇಕ ಭಾಷೆಗಳಿಗೂ ಅದು ಹೋಯಿತು. ಜರ್ಮನಿಯ ಊರೂರಲ್ಲಿ ಸಮಾರ್ಯದವರ ಶಾಲೆಗಳು ಎದ್ದವು.

ಎಸ್ಮಾರ್ಕನ ಹೆಸರು ಉಳಿದಿರುವ ಇನ್ನೊಂದು ಚಿಕ್ಕ ಸಂಗತಿಯುಂಟು. ನಮ್ಮ ಎಣಿಕೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಎಚ್ಚರ ತಪ್ಪಿ ಅಂಗಾತ ಮಲಗಿದವನ ನಾಲಿಗೆಯು ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಕೆಳದವಡೆಯ ಎರಡು ಮೂಲೆಗಳನ್ನು ಹಿಡಿದು ಮುಂದಕ್ಕೆ ಎತ್ತಿದರೆ ನಾಲಿಗೆಯೂ ಅದರ ಕೂಡ ಬಂದು ಉಸಿರಿನ ದಾರಿ ತೆರೆಯುತ್ತದೆ. ಇದನ್ನು ನಾರ್ವೆ ದೇಶದ ಹೈಬರ್ಗ್ ಎಂಬವನೂ ಎಸ್ಮಾರ್ಕನೂ 1870ರ ದಶಕದಲ್ಲಿ ಕಲಿಸಿದರು. ಯಂತ್ರವಿಲ್ಲ, ಔಷಧವಿಲ್ಲ, ಎರಡು ಕೈ ಸಾಕು. ಈಗ ಸಾಮಾನ್ಯರಿಗೆ ಇನ್ನೂ ಸುಲಭವಾಗಿ ಹೇಳಿಕೊಡುತ್ತಾರೆ: ಒಂದು ಕೈಯನ್ನು ಹಣೆಯ ಮೇಲಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿ, ಇನ್ನೊಂದು ಕೈಯ ಎರಡು ಬೆರಳುಗಳಿಂದ ಗದ್ದವನ್ನು ಎತ್ತುವದು. ಎಚ್ಚರ ತಪ್ಪಿದವನು ಸರಿಯಾಗಿ ಉಸಿರಾಡುತ್ತಿದ್ದರೆ ಅವನನ್ನು ಮಗ್ಗುಲಾಗಿ ಮಲಗಿಸಬೇಕು. ವಾಂತಿಯಾದರೆ ಹೊರಗೆ ಹೋಗುವದು. ಬಾಯಿಗೆ ನೀರು ಹೊಯ್ಯಬಾರದು. ಅದು ಉಸಿರಿನ ಕೊಳವೆಗೆ ಇಳಿಯುವದು. ಮೂರ್ಛೆರೋಗದಿಂದ ಬಿದ್ದವನ ಕೈಯಲ್ಲಿ ಬೀಗದ ಕೈಯನ್ನು ಹಿಡಿಸುವದರಿಂದ ಪ್ರಯೋಜನವಿಲ್ಲ; ಹಲ್ಲಿನ ನಡುವೆ ಚಮಚೆ ತುರುಕುವದರಿಂದ ಕೇಡೇ ಆಗುವದು. ಬೆಂಕಿಯಿಂದಲೂ ಕಲ್ಲಿನಿಂದಲೂ ಅವನನ್ನು ಕಾಪಾಡಿ, ನಡುಕ ನಿಂತ ಮೇಲೆ ಮಗ್ಗುಲಾಗಿ ತಿರುಗಿಸಬೇಕು.

ನೀರಿನಲ್ಲಿ ಮುಳುಗಿದವರ ವಿಷಯದಲ್ಲಿ ಎಸ್ಮಾರ್ಕನ ಕಾಲದವರಿಗೆ ಗೊತ್ತಿದ್ದದ್ದು ಕಡಿಮೆ. ಅಂಗಾತ ಮಲಗಿಸಿ ಎರಡು ತೋಳುಗಳನ್ನು ತಲೆಯ ಮೇಲಕ್ಕೆ ಎತ್ತುವದು, ತಿರಿಗಿ ಎದೆಗೆ ಒತ್ತುವದು, ಇದೇ ಆಗಿನ ಕ್ರಮ. ಬಾಯಿಗೆ ಬಾಯಿಟ್ಟು ಊದುವ ಕ್ರಮವು 1950ರ ದಶಕದ ಕೊನೆಯಲ್ಲಿಯೂ ಎದೆಯನ್ನು ಒತ್ತುವ ಕ್ರಮವು 1960ರಲ್ಲಿಯೂ ಅಮೇರಿಕದಲ್ಲಿ ಸ್ಥಿರಪಟ್ಟವು. ಆದರೂ ಗದ್ದವನ್ನು ಎತ್ತಿ ದಾರಿ ತೆರೆಯದಿದ್ದರೆ ಊದಿದ ಉಸಿರು ಒಳಗೆ ಹೋಗುವದಿಲ್ಲವಾದದರಿಂದ ಎಸ್ಮಾರ್ಕನ ಪಾಠವು ಇಂದಿಗೂ ಅದರ ಮೊದಲನೆಯ ಮೆಟ್ಟಲಾಗಿ ಉಳಿದಿದೆ. ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಯಲ್ಲಿ ಹೊಲಗಳ ತನಕ ಬಂದು ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಜಮಖಂಡಿ ಮುಧೋಳ ಸೀಮೆಗಳ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆದದರಿಂದ ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಈಜು ಬಾರದವನು ನೀರಿಗೆ ಹಾರದೆ ಹಗ್ಗ, ಧೋತರ, ಗಳ, ಮುಚ್ಚಿದ ಖಾಲಿ ಕೊಡ ಏನಾದರೂ ಎಸೆಯಲಿ. ದಂಡೆಗೆ ತಂದವನನ್ನು ತಲೆಕೆಳಗಾಗಿ ತೂಗಿ ತಿರುಗಿಸುವದೂ ಹೊಟ್ಟೆ ಹಿಸುಕಿ ನೀರು ತೆಗೆಯುವದೂ ಹೊತ್ತುಗೇಡು. ಗಟ್ಟಿ ನೆಲದ ಮೇಲೆ ಮಲಗಿಸಿ, ಗದ್ದವನ್ನೆತ್ತಿ ಹತ್ತು ಕ್ಷಣ ನೋಡಬೇಕು. ಉಸಿರಿಲ್ಲದಿದ್ದರೆ ಮೂಗನ್ನು ಹಿಡಿದು, ಎದೆ ಏಳುವಷ್ಟು ಎರಡರಿಂದ ಐದು ಸಾರಿ ಊದಬೇಕು. ಆಮೇಲೆ ಎದೆಯ ನಟ್ಟನಡುವೆ ಒಂದರ ಮೇಲೊಂದು ಅಂಗೈಯಿಟ್ಟು, ತೋಳುಗಳನ್ನು ನೆಟ್ಟಗಿರಿಸಿ, ಎದೆಯು ಐದು ಸೆಂಟಿಮೀಟರ್ ತಗ್ಗುವಂತೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗದಲ್ಲಿ ಒತ್ತಬೇಕು. ಮೂವತ್ತು ಸಾರಿ ಒತ್ತಿ ಎರಡು ಸಾರಿ ಊದುವದು; ಹೀಗೆ ಉಸಿರು ಬರುವ ತನಕ ಇಲ್ಲವೆ ತಿಳಿದವರು ಬರುವ ತನಕ ಬಿಡಬಾರದು. ಒತ್ತುವವನ ತೋಳು ಸೋಲುವದು ಬೇಗ, ಆದದರಿಂದ ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು. ಕರೆಂಟು ಹೊಡೆದು ಉಸಿರು ನಿಂತವನಿಗೂ ಒತ್ತುವದು ಊದುವದು ಇದೇ. ಆದರೆ ಅವನನ್ನು ಮುಟ್ಟುವ ಮುಂಚೆ ಬಟನ್ನನ್ನು ಆರಿಸಬೇಕು, ಇಲ್ಲವೆ ಒಣಗಿದ ಕಟ್ಟಿಗೆಯಿಂದ ತಂತಿಯನ್ನು ಸರಿಸಬೇಕು. ಇದನ್ನು ಮರೆತು, ಬಿದ್ದವನನ್ನು ಹಿಡಿದವನು ತಾನೂ ಸತ್ತದ್ದು ಮಗ್ಗದ ಊರುಗಳಲ್ಲಿಯೂ ಪಂಪಿನ ಹೊಲಗಳಲ್ಲಿಯೂ ಕೇಳದ ಸುದ್ದಿಯಲ್ಲ.

ಸುಟ್ಟಗಾಯದ ಮಾತು ಚಿಕ್ಕದು. ಕೊಪ್ಪರಿಗೆಯ ಹಾಲು ಸಿಡಿದರೂ ಒಲೆಯ ಬೆಂಕಿ ತಗಲಿದರೂ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬೀಳಬೇಕು. ಮಸಿ, ಹಲ್ಲುಪುಡಿ, ಎಣ್ಣೆ, ಬರ್ಫು ಏನೂ ಬೇಡ. ಶುದ್ಧವಾದ ಬಟ್ಟೆ ಹೊದಿಸಿ ಒಯ್ಯಬೇಕು. ಬೆಳೆಯ ವಿಷವನ್ನು ಕುಡಿದವನಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, ಆ ಸೀಸೆಯನ್ನು ಕೂಡ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು.

ಎಸ್ಮಾರ್ಕನಿಗೆ 1887ರಲ್ಲಿ ಕುಲೀನ ಪದವಿ ಸಿಕ್ಕಿತು. ಆತನ ಹೆಂಡತಿಯ ಅಣ್ಣನ ಮಗಳು ಜರ್ಮನಿಯ ಚಕ್ರವರ್ತಿನಿಯಾದದ್ದರಿಂದ ಅರಮನೆಯ ಬಾಗಲು ಆತನಿಗೆ ತೆರೆದಿತ್ತು. ಆದರೂ ಆತನ ಹೆಸರನ್ನು ಉಳಿಸಿದ್ದು ಆ ಪದವಿಯಲ್ಲ, ಮೂರು ಮೂಲೆಯ ಬಟ್ಟೆ ಮತ್ತು ಸಂಜೆಯ ಪಾಠಗಳು. 1899ರಲ್ಲಿ ಕೆಲಸವನ್ನು ಬಿಟ್ಟು, 1908ನೆಯ ಫೆಬ್ರುವರಿ 23ರಲ್ಲಿ ಎಂಬತ್ತೈದು ವರುಷದವನಾಗಿ ಕೀಲ್ ಪಟ್ಟಣದಲ್ಲಿ ತೀರಿಕೊಂಡನು.

ಆತನು ತನ್ನ ಶಾಲೆಗೆ ಇಟ್ಟ ಹೆಸರು ನಮ್ಮ ರಾಜ್ಯದ ಕಾನೂನಿಗೂ ಬಂದಿದೆ. ಬಿದ್ದವನನ್ನು ಎತ್ತಿದರೆ ಪೊಲೀಸರ ಕಾಟ, ಕೋರ್ಟಿನ ಅಲೆದಾಟ ಎಂಬ ಭಯದಿಂದ ಜನರು ಆಚೇ ಮಗ್ಗುಲಿಂದ ಹೋಗುತ್ತಿದ್ದದರಿಂದ, ಸುಪ್ರೀಂ ಕೋರ್ಟು 2016ರಲ್ಲಿ ಸಹಾಯಮಾಡುವವರ ರಕ್ಷಣೆಗಾಗಿ ಅಪ್ಪಣೆ ಕೊಟ್ಟಿತು. ಅದೇ ವರುಷ ಕರ್ನಾಟಕದ ಶಾಸನಸಭೆಯು ಗುಡ್ ಸಮಾರಿಟನ್ ಎಂಬ ಹೆಸರಿನಿಂದಲೇ ಮಸೂದೆಯನ್ನು ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯೂ ದೊರೆಯಿತು. ಇಂಥ ಕಾನೂನನ್ನು ಮೊದಲು ಮಾಡಿದ ರಾಜ್ಯವು ನಮ್ಮದು. 2019ರಲ್ಲಿ ದೇಶದ ಮೋಟಾರು ವಾಹನಗಳ ಕಾನೂನಿನಲ್ಲಿಯೂ ಇದು ಸೇರಿತು. ದಾರಿಯಲ್ಲಿ ಗಾಯಪಟ್ಟವನನ್ನು ಆಸ್ಪತ್ರೆಗೆ ಮುಟ್ಟಿಸಿದವನು ತನ್ನ ಹೆಸರನ್ನು ಹೇಳಲೇಬೇಕೆಂಬ ಬಲವಂತವಿಲ್ಲ. ಅವನನ್ನು ಅಲ್ಲಿ ತಡೆಯುವಂತಿಲ್ಲ. ಅವನಿಂದ ಹಣ ಕೇಳುವಂತಿಲ್ಲ. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಗಾಡಿ ಹಣವಿಲ್ಲದೆ ಬರುತ್ತದೆ. ಊರಿನ ಹೆಸರು, ಹೊಲದ ಗುರುತು, ಎಷ್ಟು ಮಂದಿ ಗಾಯಪಟ್ಟಿದ್ದಾರೆಂಬದು, ಉಸಿರು ಉಂಟೋ ಇಲ್ಲವೋ ಎಂಬದು, ಇವುಗಳನ್ನು ಹೇಳಿ, ಆ ಕಡೆಯವರು ಇಡುವ ತನಕ ಫೋನನ್ನು ಇಡಬಾರದು. ಹೊಲದ ದಾರಿ ತಿಳಿಯುವ ಒಬ್ಬ ಹುಡುಗನನ್ನು ಸಡಕಿನ ಬಾಯಿಗೆ ನಿಲ್ಲಿಸಿ, ಗಾಡಿ ಬರುವ ವರೆಗೂ ಗಾಯದ ಮೇಲಿನ ಕೈಯನ್ನು ತೆಗೆಯದೆ ಇರಬೇಕು.